ಟೀಚರ್ ಕಲಿಸಿದ ಬೈಟ್ ಲೆಕ್ಕ

"ಕಾಸರಗೋಡು. ಎತ್ರ ಬೈಟ್?"

ಎರಡನೇ ವರ್ಷದ ಮೊದಲ ಲ್ಯಾಬ್‌ನಲ್ಲಿ ಟೀಚರ್ ಮಲಯಾಳದಲ್ಲಿ ಕೇಳಿದ ಪ್ರಶ್ನೆ ಇದು. ಕಂಪ್ಯೂಟರಿನ ಮೆಮೊರಿಯಲ್ಲಿ ಈ ಹೆಸರು ಎಷ್ಟು ಬೈಟ್ ಜಾಗ ಹಿಡಿಯುತ್ತದೆ ಅಂತ. 2011ರ ಜುಲೈ. ಹೊರಗೆ ಮಳೆ ಹಿಡಿದಿತ್ತು. ಕಿಟಕಿ ಮುಚ್ಚಿದ್ದ ಲ್ಯಾಬಿನ ತುಂಬ ಒದ್ದೆ ಕೊಡೆಗಳ ವಾಸನೆ. ನಾವು ಕನ್ನಡ ಮೀಡಿಯಂನಿಂದ ಬಂದವರು ನಾಲ್ಕು ಜನ ಒಂದೇ ಬೆಂಚಿನಲ್ಲಿ ಕೂತಿದ್ದೆವು. ಬೆರಳು ಮಡಚಿ ಎಣಿಸಿದೆವು. ಕಾ, ಸ, ರ, ಗೋ, ಡು. ಐದು ಅಕ್ಷರ, ಐದು ಬೈಟ್ ಅಂದೆವು.

ಟೀಚರ್ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ತೆರೆದು ಆ ಪದದ ಉದ್ದ ಕೇಳಿದರು. 8 ಅಂತ ಬಂತು. ಯುನಿಕೋಡಿನಲ್ಲಿ, ಅಂದರೆ ಎಲ್ಲ ಲಿಪಿಗಳ ಚಿಹ್ನೆಗಳಿಗೂ ನಂಬರ್ ಕೊಡುವ ಪಟ್ಟಿಯಲ್ಲಿ, ಕ ಬೇರೆ, ಅದರ ದೀರ್ಘ ಬೇರೆ. ಗ ಬೇರೆ, ಓತ್ವ ಬೇರೆ. ಅದೇ ಪದವನ್ನು, ಯುನಿಕೋಡನ್ನು ಬೈಟ್ ಆಗಿ ಬರೆಯುವ ಯುಟಿಎಫ್-8ಕ್ಕೆ ತಿರುಗಿಸಿ ಮತ್ತೆ ಉದ್ದ ಕೇಳಿದರು. 24. ಕನ್ನಡದ ಒಂದೊಂದು ಚಿಹ್ನೆಗೂ ಮೂರು ಮೂರು ಬೈಟ್. ಒಂದೇ ಊರಿನ ಹೆಸರು ಬಾಯಿಗೆ 5, ಯುನಿಕೋಡಿಗೆ 8, ಮೆಮೊರಿಗೆ 24. ಅವತ್ತಿನವರೆಗೆ ನನಗೆ ಅಕ್ಷರ ಎಂದರೆ ಅಕ್ಷರ, ಅಷ್ಟೇ. ಅದರ ಅಡಿಯಲ್ಲಿ ಇನ್ನೊಂದು ಲೆಕ್ಕ ನಡೆಯುತ್ತಿರುತ್ತದೆ ಎಂದು ಗೊತ್ತಾದ ದಿನ ಅದು.

ಟೀಚರ್ ತೃಶೂರು ಕಡೆಯವರು. ಕನ್ನಡ ಓದಲು ಬರುತ್ತಿರಲಿಲ್ಲ. ಪಾಠ ಇಂಗ್ಲಿಷಿನಲ್ಲಿ, ಬೈಗುಳ ಮತ್ತು ಪ್ರೀತಿ ಮಲಯಾಳದಲ್ಲಿ. ನಾವು ನಮಗೆ ತೋಚಿದ ಹಾಗೆ ಮೂರೂ ಬೆರೆಸಿ ಉತ್ತರ ಕೊಡುತ್ತಿದ್ದೆವು. ನಮ್ಮ ಕಡೆ ಇದೇನೂ ಹೊಸತಲ್ಲ. ಬದಿಯಡ್ಕದ ಬಸ್ಸಿನಲ್ಲಿ ಪಕ್ಕದವರ ಜೊತೆ ತುಳು, ಕಂಡಕ್ಟರ್ ಜೊತೆ ಮಲಯಾಳ, ಮನೆಗೆ ಫೋನು ಬಂದರೆ ಹವ್ಯಕ. ಆದರೂ ಕಾಲೇಜಿಗೆ ಬಂದಾಗ ಕನ್ನಡದ ಮಕ್ಕಳಿಗೆ ಒಂದು ಅಳುಕು ಇದ್ದೇ ಇರುತ್ತದೆ. ನನಗೂ ಇತ್ತು.

ಆ ಅಳುಕು ಹೋದದ್ದು ಬೋರ್ಡಿನ ಮೇಲೆ ಬರೆದ ಆರು ಅಂಕಿಗಳಿಂದ. ಒಂದೊಂದು ಬೈಟೂ ಒಂದೊಂದು ಅಂಕಿ. ಕನ್ನಡದ ಕ: 224, 178, 149. ಅದರ ಕೆಳಗೆ ಮಲಯಾಳದ ಕ: 224, 180, 149. "ವ್ಯತ್ಯಾಸ ಎಲ್ಲಿದೆ ನೋಡಿ" ಅಂದರು. ನಡುವಿನ ಒಂದು ಬೈಟಿನಲ್ಲಿ ಮಾತ್ರ! ಸ ನೋಡಿದೆವು, ರ ನೋಡಿದೆವು, ದೀರ್ಘ ನೋಡಿದೆವು. ಎಲ್ಲದಕ್ಕೂ ಅದೇ. ಕನ್ನಡಕ್ಕೆ 178 ಇದ್ದಲ್ಲಿ ಮಲಯಾಳಕ್ಕೆ 180, ಇಲ್ಲಿ 179 ಇದ್ದರೆ ಅಲ್ಲಿ 181. ಭಾರತದ ಲಿಪಿಗಳನ್ನು 1988ರ ಇಸ್ಕಿ ಎಂಬ ಭಾರತೀಯ ಸಂಕೇತ ಪದ್ಧತಿಯ ಕ್ರಮದಲ್ಲೇ ಯುನಿಕೋಡಿನಲ್ಲಿ ಜೋಡಿಸಿದ್ದರಿಂದ ಹೀಗಂತೆ. ಕನ್ನಡಕ್ಕೆ ಇಟ್ಟ 128 ಜಾಗ ಮುಗಿದ ಕೂಡಲೇ ಮಲಯಾಳದ 128 ಜಾಗ ಶುರು. ನಡುವೆ ಬೇರೆ ಲಿಪಿಯೇ ಇಲ್ಲ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ನಡೆದು ಬಂದ ಗಡಿಯ ಮಾತನ್ನೇ ಕೇಳುತ್ತಾ ಬೆಳೆದ ನಮಗೆ ಇದು ಎಷ್ಟು ಖುಷಿ ಕೊಟ್ಟಿತು ಎಂದು ಹೇಗೆ ಹೇಳಲಿ! ಅವತ್ತಿನಿಂದ ಟೀಚರ್ ನಮ್ಮ ಪರದೆಯ ಮೇಲೆ 224, 178 ಕಂಡರೆ ಸಾಕು, "ಇದು ನಿಙ್ಙಳುಡೆ ಕನ್ನಡ, ಅಲ್ಲೇ?" ಅನ್ನುತ್ತಿದ್ದರು, ಇದು ನಿಮ್ಮ ಕನ್ನಡ ಅಲ್ವಾ ಅಂತ. ಅಕ್ಷರ ಗೊತ್ತಿಲ್ಲದ ಅವರು ಅಂಕಿಯಲ್ಲಿ ಕನ್ನಡ ಓದುತ್ತಿದ್ದರು.

ಕೊನೆಯ ವರ್ಷದ ಪ್ರಾಜೆಕ್ಟ್ ಲೈಬ್ರರಿಯ ಪುಸ್ತಕ ಪಟ್ಟಿ. ಸೀನಿಯರ್‌ಗಳು ಸಿ ಭಾಷೆಯಲ್ಲಿ ಬರೆದಿಟ್ಟ ಪ್ರೋಗ್ರಾಂ ಇತ್ತು, ಅದು ತುಂಬಿಸಿದ ಫೈಲೂ ಇತ್ತು. ಒಂದು ಪುಸ್ತಕಕ್ಕೆ 107 ಬೈಟ್: ಹೆಸರಿಗೆ 60, ಲೇಖಕರಿಗೆ 40, ನಂಬರಿಗೆ 6, ಭಾಷೆಗೆ 1. ಉಳಿದ ಜಾಗಕ್ಕೆ ಸೊನ್ನೆ ಬೈಟ್ ತುಂಬಿದ್ದರು. ಆ ಸಿ ಕೋಡನ್ನು ಹಾಗೇ ಇಟ್ಟುಕೊಂಡು, ಪೈಥಾನ್‌ನಿಂದ ಅದನ್ನು ಕರೆದು, ಹುಡುಕುವ ಪರದೆ ಮಾಡುವುದು ನಮ್ಮ ಕೆಲಸ. ಪೈಥಾನನ್ನು ಬರೆದಿರುವುದೇ ಸಿ ಭಾಷೆಯಲ್ಲಿ. ಹಾಗಾಗಿ ಒಳಗೆ ಹೋಗಲು ಒಂದು ಬಾಗಿಲು ಇದೆ, ಸಿ ಎಪಿಐ ಅಂತ. ಪೈಥಾನ್ 2ರಲ್ಲಿ ಪಠ್ಯವೂ ಬೈಟೂ ಒಂದೇ ಪಾತ್ರೆಯಲ್ಲಿ ಇರುತ್ತಿದ್ದವು. 2008ರ ಡಿಸೆಂಬರಿನಲ್ಲಿ ಬಂದ ಪೈಥಾನ್ 3 ಎರಡನ್ನೂ ಬೇರೆ ಮಾಡಿತು. ಆಗ ಜಾಸ್ತಿ ಕಡೆ 2 ಓಡುತ್ತಿತ್ತು. ಟೀಚರ್ ಮಾತ್ರ ನಮಗೆ 3ನ್ನೇ ಹಾಕಿಸಿದರು. ಕನ್ನಡದ ಕೆಲಸ ಮಾಡುವವರಿಗೆ ಅದೇ ಸರಿ ಅಂದರು. ಅವರು ಹೇಳಿದ್ದು ನಿಜ.

ಮೊದಲ ಸಲ ನಾನು, ಸಿ ಕಡೆಯ ಬೈಟ್ ಪೈಥಾನಿಗೆ ತರುವ ಪೈಬೈಟ್ಸ್ ಫ್ರಮ್ ಸ್ಟ್ರಿಂಗ್ ಎಂಬ ಫಂಕ್ಷನ್ನಿಗೆ ಇಡೀ 107 ಬೈಟ್‌ನ ಸಾಲನ್ನು ಕೊಟ್ಟೆ. ಪುಸ್ತಕದ ಹೆಸರು ಬಂತು. ಲೇಖಕರಿಲ್ಲ, ನಂಬರಿಲ್ಲ. ಸಿ ಭಾಷೆಯಲ್ಲಿ ಸ್ಟ್ರಿಂಗ್, ಅಂದರೆ ಪಠ್ಯ, ಎಲ್ಲಿ ಮುಗಿಯುತ್ತದೆ ಎಂದು ತಿಳಿಯುವುದು ಸೊನ್ನೆ ಬೈಟ್‌ನಿಂದ. ಈ ಫಂಕ್ಷನ್ನೂ ಮೊದಲ ಸೊನ್ನೆ ಸಿಕ್ಕಿದಲ್ಲಿ ನಿಂತುಬಿಡುತ್ತದೆ. ಸರಿ, ಒಂದೊಂದು ಕಾಲಂ ಬೇರೆ ಬೇರೆ ಕೊಡೋಣ ಎಂದು ಬದಲಿಸಿದೆ. ಬಹಳ ಪುಸ್ತಕಗಳಿಗೆ ಸರಿಹೋಯಿತು. ಗೋವಿಂದ ಪೈಗಳ ಸಾಲಿಗೆ ಬಂದಾಗ "ಮಂಜೇಶ್ವರ ಗೋವಿಂ" ಎಂದು ಬಂದು, ಅದಕ್ಕೆ ಅಂಟಿಕೊಂಡೇ ಪುಸ್ತಕದ ನಂಬರು ಬಂತು. ಈ ಸಲ ತದ್ವಿರುದ್ಧ. ನಿಲ್ಲಬೇಕಾದಲ್ಲಿ ನಿಲ್ಲದೆ ಮುಂದೆ ಓಡಿತ್ತು.

ಟೀಚರ್ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತರು. ಕಾಗದದ ಮೇಲೆ ಬೈಟ್ ಎಣಿಸಲು ಹೇಳಿದರು. ಮಂಜೇಶ್ವರ 24. ಖಾಲಿ ಜಾಗ 1. ಗೋವಿಂದ 18. ಮತ್ತೆ 1. ಪೈ 6. ಒಟ್ಟು 50. ಕಾಲಂ ಇರುವುದು 40. ಸಿ ಭಾಷೆಯ ನಕಲು ಫಂಕ್ಷನ್ ಎಸ್‌ಟಿಆರ್‌ಎನ್‌ಸಿಪಿವೈ 40 ಬೈಟ್ ನಕಲು ಮಾಡಿ ಕೈ ಬಿಟ್ಟಿದೆ. ಹೆಸರು ಉದ್ದವಾದರೆ ಅದು ಕೊನೆಗೆ ಸೊನ್ನೆ ಹಾಕುವುದೇ ಇಲ್ಲ. ಸೊನ್ನೆ ಇಲ್ಲದ ಮೇಲೆ ಓದುವವನಿಗೆ ಎಲ್ಲಿ ನಿಲ್ಲಬೇಕು ಎಂದು ಹೇಗೆ ಗೊತ್ತಾಗಬೇಕು? ಕಯ್ಯಾರ ಕಿಞ್ಞಣ್ಣ ರೈಗಳ ಹೆಸರನ್ನೂ ಎಣಿಸಿದೆವು. ಅದೂ 50. ಫೈಲಿನಲ್ಲಿ "ಕಯ್ಯಾರ ಕಿಞ್ಞಣ್" ಎಂದು ಅರ್ಧಕ್ಕೆ ನಿಂತಿತ್ತು. ಕಯ್ಯಾರರು ಆಗ ಇನ್ನೂ ಇದ್ದರು. ಅವರಿದ್ದ ಪೆರಡಾಲ ನಮ್ಮ ಮನೆಯಿಂದ ದೂರವಲ್ಲ. ಅವರ ಹೆಸರು ಹಾಗೆ ತುಂಡಾಗಿ ಪರದೆ ಮೇಲೆ ಕಂಡಾಗ ನನಗೆ ನಿಜವಾಗಿ ಸಂಕಟವಾಯಿತು. ಇಂಗ್ಲಿಷಿನಲ್ಲಿ 40 ಅಕ್ಷರ ಎಂದರೆ ಧಾರಾಳ. ಕನ್ನಡಕ್ಕೆ ಅದು 13 ಚಿಹ್ನೆ, ಅಷ್ಟೇ.

"ನೀಳಂ ಚೋದಿಕ್ಕ್" ಅಂದರು ಟೀಚರ್. ಉದ್ದ ಕೇಳು. ಸೊನ್ನೆಯನ್ನು ನಂಬಬೇಡ. ಎಲ್ಲಿಂದ ಶುರು ಎನ್ನುವುದರ ಜೊತೆಗೆ ಎಷ್ಟು ಎನ್ನುವುದನ್ನೂ ಕೈಯಲ್ಲಿ ಹಿಡಿದುಕೊಂಡೇ ಹೋಗು. ಅದಕ್ಕೆಂದೇ ಪೈಬೈಟ್ಸ್ ಫ್ರಮ್ ಸ್ಟ್ರಿಂಗ್ ಆ್ಯಂಡ್ ಸೈಜ್ ಇದೆ. 40 ಎಂದು ಹೇಳಿದರೆ 40 ತೆಗೆದುಕೊಳ್ಳುತ್ತದೆ. ನಡುವೆ ಸೊನ್ನೆ ಇದ್ದರೂ ನಿಲ್ಲುವುದಿಲ್ಲ, ಕೊನೆಗೆ ಇಲ್ಲದಿದ್ದರೂ ದಾಟುವುದಿಲ್ಲ. ಆಮೇಲೆ ಬಾಲದ ಸೊನ್ನೆಗಳನ್ನು ಪೈಥಾನಿನಲ್ಲಿ ಉದುರಿಸಿದರಾಯಿತು. ಲೇಖಕರ ಕಾಲಮನ್ನು 120 ಬೈಟಿಗೆ ಹಿಗ್ಗಿಸಿ, ತುಂಡಾದ ಹೆಸರುಗಳನ್ನು ಲೈಬ್ರರಿಯ ರಿಜಿಸ್ಟರ್ ನೋಡಿ ಮತ್ತೆ ತುಂಬಿದೆವು. ಎರಡು ಶನಿವಾರ ಹಿಡಿಯಿತು.

ಇನ್ನೊಂದು ತಪ್ಪು ಮೆಮೊರಿಯ ವಿಳಾಸ ಹಿಡಿದಿಡುವ ಪಾಯಿಂಟರ್‌ನದ್ದು. ಪೈಬೈಟ್ಸ್ ಆ್ಯಸ್ ಸ್ಟ್ರಿಂಗ್ ಕೊಡುವುದು ನಕಲು ಅಲ್ಲ, ಆಬ್ಜೆಕ್ಟಿನ, ಅಂದರೆ ಪೈಥಾನ್ ಆ ಬೈಟ್ ಇಟ್ಟಿರುವ ಪೆಟ್ಟಿಗೆಯ, ಒಳಗಿನ ಜಾಗದ ವಿಳಾಸ. ನಾನು ವಿಳಾಸ ಇಟ್ಟುಕೊಂಡು ಆಬ್ಜೆಕ್ಟನ್ನು ಬಿಟ್ಟುಕೊಟ್ಟಿದ್ದೆ. ಒಂದು ವಾರ ಎಲ್ಲ ಸರಿ ಇತ್ತು. ಆಮೇಲೆ ಒಂದು ಪುಸ್ತಕ ಹುಡುಕಿದರೆ ಇನ್ನೊಂದರ ಹೆಸರು ಬರಲು ಶುರುವಾಯಿತು. "ಪುಸ್ತಕ ವಾಪಸ್ ಕೊಟ್ಟೆ, ಆದರೆ ಕಪಾಟಿನ ನಂಬರ್ ನಿನ್ನ ಕಿಸೆಯಲ್ಲಿದೆ. ಅಲ್ಲಿ ಈಗ ಯಾವ ಪುಸ್ತಕ ಇದೆಯೋ!" ಅಂದರು ಟೀಚರ್. ರೆಫರೆನ್ಸ್ ಕೌಂಟ್, ಅಂದರೆ ಒಂದು ಆಬ್ಜೆಕ್ಟ್ ಎಷ್ಟು ಕೈಗಳಲ್ಲಿದೆ ಎಂಬ ಲೆಕ್ಕದ ಬಗ್ಗೆ ಅದಕ್ಕಿಂತ ಚೆನ್ನಾಗಿ ಯಾರೂ ನನಗೆ ವಿವರಿಸಿಲ್ಲ.

ಎಲ್ಲಕ್ಕಿಂತ ಜಾಸ್ತಿ ನೆನಪಿರುವುದು ನನ್ನ ಜೊತೆಗಾರನ ತಿದ್ದುಪಡಿ. ಭಾಷೆಯ ಕಾಲಂ ಒಂದೇ ಬೈಟ್ ಅಂದೆನಲ್ಲ. ಕನ್ನಡಕ್ಕೆ ಇಂಗ್ಲಿಷಿನ ಕೆ, ಮಲಯಾಳಕ್ಕೆ ಎಂ. ಒಂದು ಮಲಯಾಳ ಪುಸ್ತಕ ತಪ್ಪಿ ಕೆ ಎಂದು ದಾಖಲಾಗಿತ್ತು. ಅವನು ಪಾಯಿಂಟರ್ ಹಿಡಿದು ನೇರ ಒಳಗೇ ಹೋಗಿ ಆ ಒಂದು ಬೈಟನ್ನು 75ರಿಂದ 77 ಮಾಡಿದ. ಪಟ್ಟಿ ತೆರೆದೆವು. ಲೈಬ್ರರಿಯಲ್ಲಿದ್ದ ಅಷ್ಟೂ ಕನ್ನಡ ಪುಸ್ತಕಗಳ ಮುಂದೆ ಎಂ. ಕೆ ಎನ್ನುವುದು ಎಲ್ಲೂ ಇಲ್ಲ.

ನಾವಿಬ್ಬರೂ ಮಾತಿಲ್ಲದೆ ಕೂತೆವು. ಫೈಲ್ ತೆರೆದು ನೋಡಿದರೆ ಅಲ್ಲಿ ಎಲ್ಲ ಮೊದಲಿನ ಹಾಗೇ ಇತ್ತು. ಪ್ರೋಗ್ರಾಂ ಮುಚ್ಚಿ ಮತ್ತೆ ತೆರೆದರೆ ಕನ್ನಡ ವಾಪಸ್ ಬಂತು. ತಿದ್ದಿದರೆ ಮತ್ತೆ ಮಾಯ. ಟೀಚರ್ ಕೂಡ ತಕ್ಷಣ ಉತ್ತರ ಹೇಳಲಿಲ್ಲ. ಪೈಥಾನಿನದೇ ಸಿ ಕೋಡನ್ನು ಇಳಿಸಿಕೊಂಡು ಮಾರನೇ ದಿನ ಬಂದರು. ನಾವು ಮೂವರೂ ಕೂತು ಓದಿದೆವು. ಉತ್ತರ ಅಲ್ಲಿತ್ತು. ಒಂದೇ ಬೈಟ್‌ನ ಆಬ್ಜೆಕ್ಟ್ ಬೇಕೆಂದರೆ ಪೈಥಾನ್ ಪ್ರತಿ ಸಲ ಹೊಸತು ಮಾಡುವುದಿಲ್ಲ. ಒಮ್ಮೆ ಮಾಡಿದ್ದನ್ನು ಇಟ್ಟುಕೊಂಡು ಎಲ್ಲರಿಗೂ ಅದನ್ನೇ ಕೊಡುತ್ತದೆ. ನಮ್ಮ ಎಲ್ಲ ಕನ್ನಡ ಪುಸ್ತಕಗಳೂ ಒಂದೇ ಒಂದು ಕೆ ಅನ್ನು ಹಂಚಿಕೊಂಡಿದ್ದವು. ಅವನು ತಿದ್ದಿದ್ದು ಒಬ್ಬರ ಸ್ವಂತದ್ದನ್ನಲ್ಲ, ಎಲ್ಲರಿಗೂ ಸೇರಿದ್ದನ್ನು. ಬೈಟ್ಸ್ ಆಬ್ಜೆಕ್ಟ್ ಒಮ್ಮೆ ಆದ ಮೇಲೆ ಬದಲಾಗಬಾರದು ಎಂಬ ನಿಯಮ ಸುಮ್ನೆ ಬರೆದಿಟ್ಟದ್ದಲ್ಲ. ಒಳಗೆ ಬರೆಯಲು ಅನುಮತಿ ಇರುವುದು, ನಾವೇ ಖಾಲಿಯಾಗಿ ಆಗಷ್ಟೇ ಮಾಡಿಕೊಂಡ, ಇನ್ನೂ ಯಾರ ಕೈಗೂ ಹೋಗದ ಬೈಟ್ಸಿಗೆ ಮಾತ್ರ.

ಆ ಮಧ್ಯಾಹ್ನದ ಬಗ್ಗೆ ಒಂದು ಮಾತು. ಉತ್ತರ ಗೊತ್ತಿಲ್ಲದಾಗ ಟೀಚರ್ ಗೊತ್ತಿಲ್ಲ ಅಂದರು, ಮತ್ತು ಮಾರನೇ ದಿನ ನಮ್ಮ ಜೊತೆ ಕೂತು ಹುಡುಕಿದರು. ನಾನು ಈಗ ಮಂಗಳೂರಿನಲ್ಲಿ ಇದೇ ತರಹದ ಕೆಲಸ ಮಾಡುತ್ತೇನೆ. ಮಷಿನ್‌ಗಳಿಂದ ಬರುವ ಬೈಟ್‌ಗಳನ್ನು ಬಿಡಿಸಿ ಓದುವುದು. ಹೊಸದಾಗಿ ಸೇರಿದ ಹುಡುಗರು ಏನಾದರೂ ಕೇಳಿದರೆ ನಾನೂ ಮೊದಲು ಕುರ್ಚಿ ಎಳೆದುಕೊಂಡು ಪಕ್ಕ ಕೂರುತ್ತೇನೆ.

ನಮ್ಮ ಕೊನೆಯ ಪರೀಕ್ಷೆ ಮುಗಿಯುವ ಹೊತ್ತಿಗೆ ಟೀಚರ್‌ಗೆ ಊರ ಕಡೆ ವರ್ಗವಾಯಿತು. ಬೀಳ್ಕೊಡುವ ದಿನ ಆಟೋಗ್ರಾಫ್ ಪುಸ್ತಕ ಕೊಟ್ಟೆ. ತುಂಬಾ ಹೊತ್ತು ಬರೆದರು. ಬಸ್ಸಿನಲ್ಲಿ ತೆರೆದು ನೋಡಿದರೆ ಒಂದೂ ಅಕ್ಷರ ಇಲ್ಲ, ಪೂರ್ತಿ ಅಂಕಿ. 224, 178, 168 ಎಂದು ಶುರುವಾಗಿತ್ತು. ಕನ್ನಡ! ಟೀಚರ್‌ಗೆ ಕನ್ನಡ ಬರೆಯಲು ಎಲ್ಲಿಂದ ಬಂತು? ಮನೆಗೆ ಹೋಗಿ, ಚಹಾ ಕೂಡ ಕುಡಿಯದೆ, ಒಂದೊಂದೇ ಅಂಕಿ ಟೈಪ್ ಮಾಡಿ ಕನ್ನಡಕ್ಕೆ ತಿರುಗಿಸಿದೆ. ಪರದೆಯ ಮೇಲೆ ಹೀಗೆ ಬಂತು:

ನನ್ನಾಯಿ ವರಟ್ಟೆ

ಒಳ್ಳೆಯದಾಗಲಿ ಎನ್ನುವುದಕ್ಕೆ ಮಲಯಾಳದ ಮಾತು. ಮನಸ್ಸಿನಲ್ಲಿದ್ದುದನ್ನು ತಮ್ಮ ಲಿಪಿಯಲ್ಲೇ ಬೈಟ್ ಮಾಡಿ, 180 ಇದ್ದಲ್ಲೆಲ್ಲ 178, 181 ಇದ್ದಲ್ಲೆಲ್ಲ 179 ಹಾಕಿ, ನನ್ನ ಅಕ್ಷರಕ್ಕೆ ತಂದು ಕೊಟ್ಟಿದ್ದರು. ಬೈಟಿನ ಉದ್ದ ಕೇಳಿದೆ. 40 ಬಂತು.