ಮನೆ ಹಿಂದಿನ ಬರೆ

2024 ಆಗಸ್ಟ್ 3, ಶನಿವಾರ
ಮಡಿಕೇರಿ ಹತ್ತಿರ

ಬೆಳಿಗ್ಗೆ ಏಳಕ್ಕೆ ಮಳೆ ಅಳೆದೆ. 4 ಇಂಚು 20 ಸೆಂಟು. ಅಪ್ಪನ ಕಾಲದಿಂದಲೂ ನಮ್ಮಲ್ಲಿ ಇಂಚು, ಸೆಂಟಿನ ಲೆಕ್ಕವೇ, ನೂರು ಸೆಂಟಿಗೆ ಒಂದು ಇಂಚು. ಮಿಲಿಮೀಟರ್ ಹೇಳಿದರೆ ಪಕ್ಕದ ತೋಟದವರು "ಇಂಚಲ್ಲಿ ಹೇಳಿ ಮಾರಾಯ್ರೇ" ಅನ್ನುತ್ತಾರೆ.

ಪುಸ್ತಕದಲ್ಲಿ ಬರೆದಿಟ್ಟು ಮನೆ ಹಿಂದೆ ಹೋದರೆ, ಬರೆಯಿಂದ ಒಂದು ಪಿಕಪ್ ತುಂಬುವಷ್ಟು ಮಣ್ಣು ಕೆಳಗೆ ಬಂದಿತ್ತು. ಕಾರ್ ಶೆಡ್ಡಿನ ತಗಡು ಬಗ್ಗಿತ್ತು. ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ, ಗುಡ್ಡ ಕಡಿದ ಮೇಲೆ ಉಳಿಯುವ ನೆಟ್ಟನೆ ಮಣ್ಣಿನ ಗೋಡೆಗೆ ನಾವು ಬರೆ ಅನ್ನುತ್ತೇವೆ.

ಈ ಬರೆ ಕಡಿಸಿದ್ದು ನಾನೇ. 2021ರ ಬೇಸಿಗೆ, ಜೆಸಿಬಿಗೆ ಒಂದು ಮಧ್ಯಾಹ್ನದ ಕೆಲಸ. "ಗುಡ್ಡದ ಕಾಲನ್ನೇ ಕಡಿತೀಯಲ್ಲ" ಅಂದಿದ್ದಳು ಅವ್ವ. ಕಾರು ನೆನೆಯುತ್ತೆ ಅಂತ ನಾನು ಕೇಳಲಿಲ್ಲ.

ಮಣ್ಣು ಜಾರಿದ ಜಾಗದಲ್ಲಿ ಗುಡ್ಡದ ಒಳಗು ಕಾಣುತ್ತಿತ್ತು. ಮೇಲೆ ಒಂದು ಗೇಣು ಕಪ್ಪು ಮಣ್ಣು, ಅದರ ತುಂಬಾ ಕಾಫಿ ಬೇರು. ಕೆಳಗೆ ಆಳೆತ್ತರ ಕೆಂಪು ಮಣ್ಣು. ಅದರ ಅಡಿ ಹಳದಿ ಬಿಳಿ ಬಣ್ಣದ್ದೊಂದು ಪದರ, ಬಂಡೆಯೇ ಕೊಳೆತು ಆದದ್ದು, ಮುಟ್ಟಿದರೆ ಸೋಪಿನ ಹಾಗೆ. ಬೆರಳು ಒತ್ತಿದೆ, ಎರಡು ಗೆಣ್ಣು ಒಳಗೆ ಹೋಯಿತು. ಕೆಂಪು ಮಣ್ಣು ಮುಗಿದು ಈ ಪದರ ಶುರುವಾಗುವ ಗೆರೆಯಲ್ಲೇ ನೀರು ಜಿನುಗುತ್ತಿತ್ತು. ಮೇಲಿನ ಮಣ್ಣು ನೀರು ಕುಡಿದು ಭಾರವಾಗುತ್ತೆ, ಕೆಳಗೆ ಹಿಡಿತ ತಪ್ಪುತ್ತೆ, ಎದುರು ಕೊಟ್ಟು ನಿಲ್ಲಿಸಬೇಕಾದ ಬುಡವನ್ನು ನಾನು ತೆಗೆದಾಗಿದೆ. ನಿನ್ನೆವರೆಗೆ ತಿಳಿಯಾಗಿದ್ದ ಆ ನೀರು ಇವತ್ತು ಚಹಾದ ಬಣ್ಣ. ಹೊಟ್ಟೆಯಲ್ಲಿ ಏನೋ ಕಲಸಿದ ಹಾಗಾಯಿತು.

2018ರ ಆಗಸ್ಟ್ ಇಲ್ಲಿ ಯಾರಿಗೆ ಮರೆಯುತ್ತೆ? ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು, ಎಲ್ಲ ಗುಡ್ಡ ಕುಸಿದ ಊರುಗಳು. ಮನೆಗೆ, ರಸ್ತೆಗೆ ಅಂತ ಇಳಿಜಾರು ಕಡಿದದ್ದರ ಪಾಲು ದೊಡ್ಡದು ಅಂತ ಭೂವಿಜ್ಞಾನದವರು ಆಮೇಲೆ ಹೇಳಿದರು. ಅದನ್ನು ಓದಿ, ಹೌದೌದು ಅಂದು, ಮೂರೇ ವರ್ಷಕ್ಕೆ ಜೆಸಿಬಿ ಕರೆಸಿದ ಬುದ್ಧಿವಂತ ನಾನು.

ಹಾಗಂತ ಎಲ್ಲವನ್ನೂ ಜೆಸಿಬಿ ತಲೆಗೆ ಕಟ್ಟುವುದೂ ಸರಿಯಲ್ಲ. ಮೊನ್ನೆ ಮಂಗಳವಾರ ಬೆಳಗಿನ ಜಾವ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಮಣ್ಣಿನಡಿ ಹೋದವು. ಅದು ಶುರುವಾದದ್ದು ಮನೆಗಳಿಂದ ಎಷ್ಟೋ ಮೇಲೆ, ಕಾಡಿನ ಗುಡ್ಡದಲ್ಲಿ. ಗುಡ್ಡ ಇಳಿಯುವುದು ಹೊಸದೇನಲ್ಲ, ನಮ್ಮ ಗದ್ದೆಯ ಮಣ್ಣೂ ಹಾಗೇ ಮೇಲಿಂದ ಬಂದು ಕೂತದ್ದು.

ಹತ್ತು ಗಂಟೆಗೆ ಉಳ್ಳಾಲದಿಂದ ಅಕ್ಕನ ಫೋನು. ಭಾವ ಒಂದು ವಿಡಿಯೋ ಕಳಿಸಿದ್ದರು. ಕಡಲು ತೆಂಗಿನ ಬುಡ ಕೆರೆದು, ಬೇರೆಲ್ಲ ಜಡೆ ಬಿಚ್ಚಿದ ಹಾಗೆ ನೇತಾಡುತ್ತಿತ್ತು. ಮಳೆಗಾಲದಲ್ಲಿ ಕಡಲು ಮರಳು ಒಯ್ಯುವುದು, ಮಳೆ ನಿಂತ ಮೇಲೆ ಸಣ್ಣ ಅಲೆಗಳು ವಾಪಸ್ ತಂದು ಹಾಕುವುದು ಮೊದಲಿಂದಲೂ ಇದ್ದದ್ದೇ. ಆದರೆ ಮರಳು ದಡದ ಉದ್ದಕ್ಕೂ ನಡೆಯುತ್ತಲೂ ಇರುತ್ತೆ. ದೋಣಿಗಳಿಗೆ ಅನುಕೂಲ ಅಂತ, ಹೊಳೆ ಕಡಲು ಸೇರುವ ಅಳಿವೆ ಬಾಯಲ್ಲಿ ಕಲ್ಲಿನ ತಡೆ ಕಟ್ಟಿದರೆ ಒಂದು ಮಗ್ಗುಲಲ್ಲಿ ಮರಳು ರಾಶಿ ಬೀಳುತ್ತೆ, ಇನ್ನೊಂದು ಮಗ್ಗುಲು ಖಾಲಿ. "ಕಲ್ಲು ಹಾಕಿದ ಮನೆ ಉಳೀತದೆ, ಕಲ್ಲು ಮುಗಿದ ಕಡೆಯವನ ಮನೆ ಹೋಗ್ತದೆ" ಅಂದರು ಭಾವ. ಅವರದ್ದು ಕಲ್ಲು ಮುಗಿದ ಕಡೆಯ ಮನೆ.

"ನಿಮ್ಮಲ್ಲಿ ಮಣ್ಣು ಜಾಸ್ತಿ ಅಲ್ವಾ, ಒಂದು ಲಾರಿ ಕಳಿಸು" ಅಂತ ನಕ್ಕರು. ಕಳಿಸುವುದೇನು, ಅದು ಹೊರಟೇ ಇದೆ. ನಮ್ಮ ತೋಡಿನ ನೀರು ಪಯಸ್ವಿನಿಗೆ ಸೇರಿ, ಸುಳ್ಯ ದಾಟಿ, ಕಾಸರಗೋಡಲ್ಲಿ ಚಂದ್ರಗಿರಿ ಅನ್ನೋ ಹೆಸರಲ್ಲಿ ಕಡಲು ಮುಟ್ಟುತ್ತೆ. ಆದರೆ ಈ ನುಣ್ಣನೆ ಮಣ್ಣು ನೀರನ್ನು ಕೆಂಪು ಮಾಡಿ ತೇಲಿ ಹೋಗುತ್ತೆ, ದಡದಲ್ಲಿ ನಿಲ್ಲುವುದು ದಪ್ಪ ಮರಳು ಮಾತ್ರ. ಅದನ್ನು ಹೊಳೆಯಲ್ಲೇ ಲಾರಿಗೆ ತುಂಬುತ್ತೇವೆ. ಮಡಿಕೇರಿ ಗುಡ್ಡದ ಆಚೆ ಮಗ್ಗುಲಲ್ಲಿ ಬಿದ್ದ ಮಳೆ ಕಾವೇರಿಗೆ. ಅಲ್ಲಿ ಕೃಷ್ಣರಾಜಸಾಗರ, ಮೆಟ್ಟೂರು. ನೀರು ಬಿಟ್ಟರೂ ಮರಳು ಅಣೆಕಟ್ಟೆಯ ಹಿಂದೆಯೇ ಕೂರುತ್ತೆ.

ಇವತ್ತು ಆಟಿ ತಿಂಗಳ 18, ಕೊಡವರಿಗೆ ಕಕ್ಕಡ 18, ಮದ್ದು ಸೊಪ್ಪಿನ ಪಾಯಸ ತಿನ್ನುವ ದಿನ. ಜಿಗಣೆ ಕಚ್ಚಿಸಿಕೊಂಡು ಮದ್ದು ಸೊಪ್ಪು ತಂದಿದ್ದೆ. ಅವ್ವ ಬೇಯಿಸಿದಾಗ ನೀರು ಜಂಬುನೇರಳೆ ಬಣ್ಣಕ್ಕೆ ತಿರುಗಿತು. ಪಾಯಸಕ್ಕೆ ತುಪ್ಪ ಹಾಕಿ ಎರಡು ಬಟ್ಟಲು ತಿಂದೆ. ನಾಳೆ ಬೆಳಿಗ್ಗೆ ಮೂತ್ರದ ಬಣ್ಣ ನೋಡಿ ಹೆದರಬಾರದು, ಅಷ್ಟೇ.

ಮಧ್ಯಾಹ್ನ ಬರೆಗೆ ಟಾರ್ಪಲ್ ಹೊದಿಸಿದೆವು. ಮೇಲಿನಿಂದ ಬರುವ ನೀರನ್ನು ಚರಂಡಿ ತೋಡಿ ಪಕ್ಕಕ್ಕೆ ತಿರುಗಿಸಿದೆವು. ಕಾರು ಈಗ ರಸ್ತೆ ಬದಿ, ಮಳೆಯಲ್ಲೇ ನಿಂತಿದೆ.

ರಾತ್ರಿ ಅವ್ವನ ಮಂಚ ಹಿಂದಿನ ಕೋಣೆಯಿಂದ ಜಗಲಿ ಪಕ್ಕದ ಕೋಣೆಗೆ ತಂದೆ. ಏನೂ ಅನ್ನಲಿಲ್ಲ. ದಿಂಬು ಮಾತ್ರ ತಾನೇ ಎತ್ತಿಕೊಂಡು ಬಂದಳು.