56ರ ಶೆವರ್ಲೆಗೆ ಡೀಸೆಲ್ ಎಂಜಿನ್: ಅರ್ಧ ಇಂಚಿನ ಗೋಳು

ಹೋದ ಸಲ ಬರೆದಾಗ ಕಾರು ನಾಲ್ಕು ಸ್ಟ್ಯಾಂಡ್ ಮೇಲೆ ನಿಂತಿತ್ತು. ಬಾನೆಟ್ ಕೆಳಗೆ ಬರೀ ಗಾಳಿ. ಈಗ ಎಂಜಿನ್ ಕೂತಿದೆ, ಸ್ಟಾರ್ಟ್ ಕೂಡ ಆಗಿದೆ. ಮೊದಲು ಖುಷಿಯ ಸುದ್ದಿ ಹೇಳಿಬಿಟ್ಟೆ, ಇನ್ನು ಗೋಳಿನ ಕಥೆ.

ಹೊಸದಾಗಿ ಓದುತ್ತಿರುವವರಿಗೆ ಒಂದು ಮಾತು. ಕಾರು 1956ರ ಶೆವರ್ಲೆ 210, ನಾಲ್ಕು ಬಾಗಿಲಿನದು. ಎರಡು ಬಾಗಿಲಿನ ಬೆಲ್ ಏರ್‌ಗೆ ಜನ ಮುಗಿಬೀಳುತ್ತಾರೆ, ನಾಲ್ಕು ಬಾಗಿಲಿನದನ್ನು ಯಾರೂ ಮೂಸಿ ನೋಡುವುದಿಲ್ಲ. ಅದಕ್ಕೇ ನನ್ನ ಜೇಬಿಗೆ ನಿಲುಕಿತು. ಒಳಗಿದ್ದದ್ದು 235 ಕ್ಯೂಬಿಕ್ ಇಂಚಿನ ಆರು ಸಿಲಿಂಡರ್ ಪೆಟ್ರೋಲ್ ಎಂಜಿನ್, ಅದರ ಬ್ಲಾಕ್ ಬಿರುಕು ಬಿಟ್ಟಿತ್ತು. ಅದರ ಜಾಗಕ್ಕೆ ಕಮಿನ್ಸ್ R2.8 ಹಾಕುತ್ತಿದ್ದೇನೆ. ನಾಲ್ಕು ಸಿಲಿಂಡರ್, ಟರ್ಬೊ, ಕಾಮನ್ ರೈಲ್ (ಎಲ್ಲ ಸಿಲಿಂಡರಿಗೂ ಒಂದೇ ಕೊಳವೆಯಿಂದ ಭಾರಿ ಒತ್ತಡದಲ್ಲಿ ಡೀಸೆಲ್), 161 ಹಾರ್ಸ್‌ಪವರ್. ಹಳೇ ಗಾಡಿಗಳಿಗೆ ಹಾಕಿಕೊಳ್ಳಲಿ ಅಂತಲೇ ಪೆಟ್ಟಿಗೆಯಲ್ಲಿಟ್ಟು ಮಾರುತ್ತಿದ್ದ ಎಂಜಿನ್ ಇದು. ನನ್ನದು ಮೊದಮೊದಲ ವರ್ಷಗಳದ್ದು, ಟಾರ್ಕ್ 267 ಪೌಂಡ್-ಅಡಿ. ಆಮೇಲೆ ಬಂದವು 310.

ನಾನಿರುವುದು ಇಂಡಿಯಾನಾದ ಕೊಲಂಬಸ್‌ನಲ್ಲಿ. ಕಮಿನ್ಸ್ ಕಂಪನಿ ಹುಟ್ಟಿದ ಊರು ಇದು. ನಾನು ಆ ಕಂಪನಿಯವನಲ್ಲ, ಸಾಫ್ಟ್‌ವೇರಿನವನು. ಆದರೆ ಈ ಊರಲ್ಲಿದ್ದು ಹಳೇ ಕಾರಿಗೆ ಡೀಸೆಲ್ ಹಾಕದೆ ಹೇಗಿರುವುದು? ಕಂಪನಿ ಕಟ್ಟಿದ ಕ್ಲೆಸಿ ಕಮಿನ್ಸ್ ಇದೇ ಊರಲ್ಲಿ ಹಳೇ ಪ್ಯಾಕಾರ್ಡ್ ಲಿಮೊಸಿನ್ ಒಂದಕ್ಕೆ ತಮ್ಮ ಡೀಸೆಲ್ ಎಂಜಿನ್ ತುರುಕಿದ್ದರು. 1929ರ ಕ್ರಿಸ್‌ಮಸ್ ದಿನ, ಕಂಪನಿಗೆ ದುಡ್ಡು ಹಾಕಿದ್ದ ಡಬ್ಲ್ಯು. ಜಿ. ಅರ್ವಿನ್ ಅವರನ್ನು ಅದರಲ್ಲಿ ಕೂರಿಸಿಕೊಂಡು ಸುತ್ತಾಡಿಸಿದರು. ಮುಂದಿನ ತಿಂಗಳು ಅದೇ ಗಾಡಿಯಲ್ಲಿ ಇಂಡಿಯಾನಾಪೊಲಿಸ್‌ನಿಂದ ನ್ಯೂಯಾರ್ಕ್‌ಗೆ ಹೋದರು. ಸುಮಾರು 800 ಮೈಲಿಗೆ ಖರ್ಚಾದ ಎಣ್ಣೆ 1 ಡಾಲರ್ 38 ಸೆಂಟ್‌ನದು. ಈ ಲೆಕ್ಕವನ್ನು ಹೆಂಡತಿಗೆ ಹೇಳಿದೆ. "ನಿಮ್ಮ ಬಿಲ್ ಎಷ್ಟಾಯ್ತು ಅದನ್ನ ಹೇಳಿ" ಅಂದಳು. ಮಾತು ಬದಲಾಯಿಸಿದೆ.

ಪಕ್ಕದ ಮನೆಯ ಅಜ್ಜನಿಗೆ ಮಾತ್ರ ಡೀಸೆಲ್ ಕಾರು ಅಂದರೆ ನಂಬಿಕೆಯಿಲ್ಲ. ಅವರ ಕಾಲದವರಿಗೆಲ್ಲ ನೆನಪಿರುವುದು ಓಲ್ಡ್ಸ್‌ಮೊಬೈಲ್‌ನ V8 ಡೀಸೆಲ್. 1978ರಿಂದ 85ರವರೆಗೆ ಬಂತು. ಪೆಟ್ರೋಲ್ ಎಂಜಿನ್ನಿಗಿದ್ದ ಹೆಡ್ ಬೋಲ್ಟುಗಳ ಜೋಡಣೆಯನ್ನೇ ಇಟ್ಟುಕೊಂಡಿದ್ದರು, ಡೀಸೆಲ್‌ನ ಒತ್ತಡಕ್ಕೆ ಅವು ತಡೆಯಲಿಲ್ಲ. ಡೀಸೆಲ್‌ನಲ್ಲಿ ನೀರು ಬಂದರೆ ಬೇರ್ಪಡಿಸುವ ಫಿಲ್ಟರ್ರೂ ಇರಲಿಲ್ಲ. ನಾನು ಮೊದಲು ಫಿಟ್ ಮಾಡಿದ್ದೇ ವಾಟರ್ ಸೆಪರೇಟರ್. ಅಜ್ಜ ಬಗ್ಗಿ ನೋಡಿ ತಲೆ ಆಡಿಸಿ ಹೋದರು. ಹೌದೋ ಅಲ್ಲವೋ ಗೊತ್ತಾಗಲಿಲ್ಲ.

ಈಗ ಅರ್ಧ ಇಂಚಿನ ವಿಷಯ.

ಎಂಜಿನ್ನನ್ನು ಕ್ರೇನ್‌ನಲ್ಲಿ ಇಳಿಸಿ, ಮರದ ತುಂಡುಗಳ ಮೇಲೆ ಕೂರಿಸಿ, ಚಾಸಿಗೆ ಮೌಂಟಿಂಗ್ ಬ್ರಾಕೆಟ್‌ಗಳನ್ನು ಅಲ್ಲಲ್ಲಿ ಟ್ಯಾಕ್ ವೆಲ್ಡ್ ಮಾಡಿದೆ. ಎಲ್ಲ ಚೆನ್ನಾಗಿ ಕಂಡಿತು. ಸುಮ್ನೆ ಒಂದು ಸಲ ಸ್ಟೇರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿದೆ. ಟಕ್. ಕೆಳಗೆ ಮಲಗಿ ಟಾರ್ಚ್ ಬಿಟ್ಟರೆ, ಸ್ಟೇರಿಂಗ್‌ನ ಸೆಂಟರ್ ಲಿಂಕ್ (ಎರಡು ಚಕ್ರಗಳನ್ನು ಒಟ್ಟಿಗೆ ತಿರುಗಿಸುವ ಅಡ್ಡ ಕಡ್ಡಿ) ಎಂಜಿನ್ ತಳದ ಆಯಿಲ್ ತೊಟ್ಟಿಯ, ಅಂದರೆ ಸಂಪಿನ ಮೂಲೆಗೆ ಮುತ್ತು ಕೊಡುತ್ತಿದೆ! ಪೇಂಟ್ ಕಿತ್ತು, ಉಗುರಿನಷ್ಟು ಅಗಲ ಲೋಹ ಹೊಳೆಯುತ್ತಿತ್ತು. ಸಂಪ್ ಕತ್ತರಿಸಿ ಬೆಸೆಯಲು ಧೈರ್ಯ ಬರಲಿಲ್ಲ. ಟ್ಯಾಕ್‌ಗಳನ್ನು ಗ್ರೈಂಡ್ ಮಾಡಿ ತೆಗೆದು, ಎಂಜಿನ್ನನ್ನು ಅರ್ಧ ಇಂಚು ಮೇಲೆತ್ತಿದೆ. ಬಾನೆಟ್ ಮುಚ್ಚುತ್ತದಾ ಅಂತ ನೋಡಲು ಎಂಜಿನ್ ಮೇಲೆ ಮಕ್ಕಳ ಪ್ಲೇ-ಡೋ ಉಂಡೆ ಇಟ್ಟು ಬಾನೆಟ್ ಹಾಕಿ ತೆಗೆದೆ. ಉಂಡೆ ಕಡುಬಿನ ಹಾಗೆ ಚಪ್ಪಟೆಯಾಗಿತ್ತು, ಆದರೂ ಕಾಲು ಇಂಚು ಉಳಿದಿತ್ತು. ಸಾಕು.

ಮುಂದೆ ಎತ್ತಿದ್ದಾಯಿತು, ಹಿಂದೆ ಗೇರ್‌ಬಾಕ್ಸ್ ಫ್ಲೋರಿನ ಉಬ್ಬಿಗೆ (ಟನಲ್) ತಾಗಿತು. NV3500, ಶೆವರ್ಲೆ ಪಿಕಪ್‌ಗಳಲ್ಲಿ ಬರುತ್ತಿದ್ದ ಐದು ಗೇರಿನದು. ಮೇಲ್ಭಾಗ ಎತ್ತರ. ಫ್ಲೋರ್ ಕತ್ತರಿಸಲು ಮನಸ್ಸಿಲ್ಲದೆ ಅದನ್ನು ಒಂದಿಂಚು ಕೆಳಗಿಳಿಸಿದೆ. ಈ ಕಾರಿನಲ್ಲಿ ಗೇರ್‌ಬಾಕ್ಸಿನ ಕೆಳಗೆ ಕ್ರಾಸ್ ಮೆಂಬರ್ರೇ (ಚಾಸಿಯ ಅಡ್ಡ ತೊಲೆ) ಇಲ್ಲ. ಹಳೇ ಎಂಜಿನ್ನಿನ ಹಿಂಭಾರವೆಲ್ಲ ಬೆಲ್ ಹೌಸಿಂಗ್‌ನ (ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಗಂಟೆಯಾಕಾರದ ಕವಚ) ಎರಡು ಪಕ್ಕದಲ್ಲಿ ಕೂರುತ್ತಿತ್ತು. ಹಾಗಾಗಿ ಕ್ರಾಸ್ ಮೆಂಬರ್ ನಾನೇ ಮಾಡಬೇಕಿತ್ತು, ಒಂದಿಂಚು ಇಳಿಸುವುದು ಸುಲಭವಾಯಿತು. ಆ ಸುಲಭದ ಸಾಲ ಆಮೇಲೆ ಬಡ್ಡಿ ಸಮೇತ ಬಂತು, ಹೇಳ್ತೀನಿ.

ಐದು ಗೇರ್ ಯಾಕೆ ಅಂತ ಕೇಳಿದ್ದರು ಒಬ್ಬರು. ನನ್ನ ಹಿಂದಿನ ಆಕ್ಸಲ್‌ನ ಅನುಪಾತ 3.70 (ಚಕ್ರ ಒಂದು ಸುತ್ತು ಬರಲು ಶಾಫ್ಟ್ 3.70 ಸುತ್ತು), ಟೈರ್ 27 ಇಂಚು. ಹಳೇ ಮೂರು ಗೇರಿನ ಡಬ್ಬದಲ್ಲಿ 65 ಮೈಲಿ ವೇಗಕ್ಕೆ ಎಂಜಿನ್ 3,000 ಸುತ್ತು ಹೊಡೆಯಬೇಕು. ಈ ಡೀಸೆಲ್‌ನ ಪೂರ್ತಿ ಪವರ್ ಸಿಗುವುದೇ 3,600ರಲ್ಲಿ, ದಿನವಿಡೀ 3,000ದಲ್ಲಿ ಓಡಿಸಿದರೆ ಕಿವಿ ಹೋಗುತ್ತದೆ. 0.73ರ ಐದನೇ ಗೇರಿನಲ್ಲಿ 2,200ಕ್ಕೆ ಇಳಿಯುತ್ತದೆ. ಫಸ್ಟ್ ಗೇರ್ ಮಾತ್ರ ದಂಡ, ಅಷ್ಟು ಚಿಕ್ಕದು. ಸೆಕೆಂಡ್‌ನಲ್ಲೇ ಎತ್ತಬಹುದು.

ಪೆಟ್ರೋಲ್ ಎಂಜಿನ್ ಪುಕ್ಕಟೆ ಕೊಡುತ್ತಿದ್ದ ಒಂದು ವಸ್ತು ವ್ಯಾಕ್ಯೂಮ್, ಅಂದರೆ ಗಾಳಿ ಹೀರುವ ಬಲ. ಡೀಸೆಲ್‌ನಲ್ಲಿ ಅದು ಹಾಗೆ ಸಿಗುವುದಿಲ್ಲ. ನನ್ನ ಕಾರಿನ ವೈಪರ್ ಓಡುತ್ತಿದ್ದದ್ದೇ ಅದರಲ್ಲಿ. ಎಲೆಕ್ಟ್ರಿಕ್ ಮೋಟಾರ್ ಹಾಕಿದೆ, ಒಂದು ಸಂಜೆಯ ಕೆಲಸ. ಟ್ಯಾಂಕ್ ಹೊಸದೇ ತಂದೆ. ಅರವತ್ತು ಚಿಲ್ಲರೆ ವರ್ಷದ ತುಕ್ಕನ್ನು ಸಾವಿರ ಬಾರ್‌ಗಿಂತ ಜಾಸ್ತಿ ಒತ್ತಡದ ಇಂಜೆಕ್ಟರ್‌ಗೆ ಕುಡಿಸುವ ಹಾಗಿಲ್ಲ. ಮಿಕ್ಕ ಡೀಸೆಲ್ ಟ್ಯಾಂಕಿಗೆ ವಾಪಸ್ ಬರುವ ರಿಟರ್ನ್ ಪೈಪ್‌ಗೆ ಬೇರೆ ಜಾಗ ಬೇಕು. 56ರಲ್ಲಿ ಎಣ್ಣೆ ಹಾಕುವ ಬಾಯಿ ಎಡಗಡೆ ಟೈಲ್ ಲೈಟ್‌ನ ಹಿಂದೆ ಬಚ್ಚಿಟ್ಟುಕೊಂಡಿರುತ್ತದೆ. ಅದರೊಳಗೆ "ಡೀಸೆಲ್ ಮಾತ್ರ" ಅಂತ ಕನ್ನಡದಲ್ಲೇ ಸ್ಟಿಕ್ಕರ್ ಅಂಟಿಸಿದ್ದೇನೆ. ಓದುವವನು ನಾನೊಬ್ಬನೇ ತಾನೆ.

ಶನಿವಾರ ಸ್ಟಾರ್ಟ್ ಮಾಡೋಣ ಅಂತ ಕೂತೆ. ಸೆಲ್ಫ್ ಹೊಡೆದೆ. ಎಂಜಿನ್ ಸೋಮಾರಿಯ ಹಾಗೆ ತಿರುಗುತ್ತದೆ, ಹಿಡಿಯುವುದಿಲ್ಲ. ಎಣ್ಣೆಯಲ್ಲಿ ಏರ್ ಹಿಡಿದಿರಬೇಕು ಅಂತ ಮತ್ತೆ ಮತ್ತೆ ಪ್ರೈಮ್ ಮಾಡಿ ಗಾಳಿ ಹೊರಹಾಕಲು ನೋಡಿದೆ. ಫ್ಯೂಸ್ ನೋಡಿದೆ, ರಿಲೇ ಬದಲಾಯಿಸಿದೆ. ಮೂರು ಗಂಟೆ ಹೋಯಿತು. ಆಮೇಲೆ ಹೆಡ್‌ಲೈಟ್ ಹಾಕಿ ಸೆಲ್ಫ್ ಹೊಡೆದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಡ್ಯಾಶ್‌ನ ಡಿಸ್‌ಪ್ಲೇ ಸತ್ತು ಎದ್ದು ಸತ್ತು ಎದ್ದು ಮಾಡುತ್ತಿತ್ತು. ಜಂಪರ್ ಕೇಬಲ್ ತಂದು ಒಂದು ತುದಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ತುದಿ ನೇರವಾಗಿ ಎಂಜಿನ್ ಬ್ಲಾಕ್‌ಗೆ ಕಚ್ಚಿಸಿದೆ. ಎರಡನೇ ಸುತ್ತಿಗೇ ಹಿಡಿಯಿತು.

ಅರ್ಥಿಂಗ್! ಬೇಸಿಗೆಯಲ್ಲಿ ನಾನೇ ಚಾಸಿಗೆ ಎರಡು ಕೋಟ್ ಕಪ್ಪು ಪೇಂಟ್ ಹೊಡೆದು, ಅದರ ಮೇಲೇ ಅರ್ಥ್ ವೈರಿನ ಬೋಲ್ಟ್ ಬಿಗಿದಿದ್ದೆ. ಪೇಂಟ್ ಕರೆಂಟನ್ನು ಸರಿಯಾಗಿ ಬಿಡುತ್ತಿರಲಿಲ್ಲ. ಯಾರನ್ನೂ ಬೈಯುವ ಹಾಗಿಲ್ಲ.

ಇಪ್ಪತ್ತು ನಿಮಿಷ ಐಡ್ಲಿಂಗ್‌ನಲ್ಲಿ ಬಿಟ್ಟು, ಅಮ್ಮನಿಗೆ ವಿಡಿಯೊ ಕಾಲ್ ಮಾಡಿದೆ. ಅರಸೀಕೆರೆಯಲ್ಲಿ ನಮ್ಮ ತಾತನ ಹತ್ತಿರ ಒಂದು ಪ್ಲಿಮತ್ ಇತ್ತು. ಪೆಟ್ರೋಲ್ ಕುಡಿಯುತ್ತೆ ಅಂತ ಅದಕ್ಕೆ ಪರ್ಕಿನ್ಸ್ ಡೀಸೆಲ್ ಎಂಜಿನ್ ಹಾಕಿಸಿ ಟ್ಯಾಕ್ಸಿಗೆ ಬಿಟ್ಟಿದ್ದರಂತೆ. ಅಮ್ಮ ಸ್ವಲ್ಪ ಹೊತ್ತು ಸದ್ದು ಕೇಳಿಸಿಕೊಂಡು, "ತಾತನ ಗಾಡಿ ಇದಕ್ಕಿಂತ ಜಾಸ್ತಿ ಅದುರುತ್ತಿತ್ತು ಕಣೋ" ಅಂದಳು. ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಡ.

ಭಾನುವಾರ ರಸ್ತೆಗಿಳಿಸಿದೆ. 35 ಮೈಲಿವರೆಗೆ ಬೆಣ್ಣೆ. 40 ದಾಟಿದ ಕೂಡಲೇ ಸೀಟಿನ ಕೆಳಗೆ ಗುರ್ ಅಂತ ನಡುಕ. ಇದೇ ನೋಡಿ ಆ ಸಾಲದ ಬಡ್ಡಿ. ಮುಂದೆ ಅರ್ಧ ಇಂಚು ಮೇಲೆ, ಹಿಂದೆ ಒಂದಿಂಚು ಕೆಳಗೆ. ಆಂಗಲ್ ಗೇಜ್ ಇಟ್ಟರೆ ಎಂಜಿನ್ 5 ಡಿಗ್ರಿ ಹಿಂದಕ್ಕೆ ವಾಲಿದೆ, ಆಕ್ಸಲ್‌ನ ಪಿನಿಯನ್ (ಶಾಫ್ಟ್ ಸೇರುವ ಗೇರ್) 3 ಡಿಗ್ರಿಯಲ್ಲೇ ನಿಂತಿದೆ. ಎರಡೂ ಸಮ ಇರದಿದ್ದರೆ ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್‌ನ ಎರಡು ಜಾಯಿಂಟ್‌ಗಳು ಒಂದನ್ನೊಂದು ಸರಿದೂಗಿಸುವುದಿಲ್ಲ.

ಹಿಂದಿನ ಪಟ್ಟಾ ಸ್ಪ್ರಿಂಗ್ ಮತ್ತು ಆಕ್ಸಲ್ ನಡುವೆ ಇಡಲು 2 ಡಿಗ್ರಿಯ ಬೆಣೆ ಆರ್ಡರ್ ಮಾಡಿದ್ದೇನೆ, ಗುರುವಾರ ಬರುತ್ತದೆ. ಸ್ಪೀಡೊಮೀಟರ್ ಮುಳ್ಳು ಇನ್ನೂ ಸೊನ್ನೆಯಲ್ಲೇ ಇದೆ. ಮೇಲೆ ಹೇಳಿದ 40 ಮೈಲಿ ಫೋನ್‌ನ ಜಿಪಿಎಸ್ ಲೆಕ್ಕ.