ಹಳೇ ಆಕ್ಸೆಸ್ ಫೈಲು ಬಿಟ್ಟು ಹೊಸ ಸಿಸ್ಟಂಗೆ: ಲೆಕ್ಕ ತಾಳೆಯಾಗೋವರೆಗಿನ ಕೆಲಸ

ಹುಬ್ಬಳ್ಳಿಯಲ್ಲಿ ಪಂಪು, ಪೈಪು ಮಾರುವ ಒಂದು ಡಿಸ್ಟ್ರಿಬ್ಯೂಟರ್ ಸಂಸ್ಥೆಗೆ ನಮ್ಮ ತಂಡ ಹೊಸ ರಿಪೋರ್ಟಿಂಗ್ ಸಿಸ್ಟಂ ಮಾಡಿಕೊಟ್ಟಿತು. ಅಲ್ಲಿಯವರೆಗೆ ಶಾಖೆವಾರು ಮಾರಾಟ, ಡೀಲರ್ ಬಾಕಿ, ವಸೂಲಿ, ಕಮಿಷನ್ ಎಲ್ಲವೂ ಮೈಕ್ರೋಸಾಫ್ಟ್ ಆಕ್ಸೆಸ್ ಎಂಬ ಡೇಟಾಬೇಸ್ ತಂತ್ರಾಂಶದ ಒಂದೇ ಫೈಲಿನಲ್ಲಿ ನಡೆಯುತ್ತಿತ್ತು. ಆಕ್ಸೆಸ್ ಫೈಲು 2 ಜಿಬಿ ದಾಟುವ ಹಾಗಿಲ್ಲ. ಇದು ಆ ಗಡಿಗೆ ಬಂದು ನಿಂತಿತ್ತು. ನಾಲ್ಕು ಜನ ಒಟ್ಟಿಗೆ ತೆರೆದರೆ ನಿಧಾನ, ನಡುವೆ ನೆಟ್‌ವರ್ಕ್ ಹೋದರೆ ಫೈಲೇ ಕೆಡುವ ಭಯ. ದಿನಾ ಸಂಜೆ 'ಕಾಂಪ್ಯಾಕ್ಟ್ ಆಂಡ್ ರಿಪೇರ್' (ಫೈಲಿನ ಗಾತ್ರ ಇಳಿಸಿ ದೋಷ ಸರಿಪಡಿಸುವ ಸೌಲಭ್ಯ) ಮಾಡಿಯೇ ಮನೆಗೆ ಹೋಗುತ್ತಿದ್ದರು.

ಟೇಬಲ್‌ಗಳನ್ನು ಪೋಸ್ಟ್‌ಗ್ರೆಸ್ ಎಂಬ ಹೊಸ ಡೇಟಾಬೇಸ್‌ಗೆ ಸಾಗಿಸುವುದು, ಲಾಗಿನ್, ಸ್ಕ್ರೀನು ಇವೆಲ್ಲ ಬೇಗ ಮುಗಿದವು. ನಿಜವಾದ ಕೆಲಸ ಇದ್ದದ್ದು ಹಳೇ ಕ್ವೆರಿಗಳಲ್ಲಿ, ಅಂದರೆ ಟೇಬಲ್‌ಗಳಿಂದ ಲೆಕ್ಕ ತೆಗೆಯಲು ಬರೆದಿಟ್ಟ ಸೂಚನೆಗಳಲ್ಲಿ. ಸಂಸ್ಥೆ ವ್ಯಾಪಾರ ಮಾಡುವ ರೀತಿ ಪೂರ್ತಿ ಅಲ್ಲೇ ಇತ್ತು, ಬೇರೆಲ್ಲೂ ಬರೆದಿಟ್ಟಿರಲಿಲ್ಲ. ಒಂದು ಕ್ವೆರಿಯಲ್ಲಿ ಶಾಖೆ 7 ಬಂದರೆ ಅದನ್ನು 4 ಅಂತ ಎಣಿಸು ಎಂದಿತ್ತು. ಯಾಕೆ ಅಂತ ಅಕೌಂಟ್ಸ್ ಮೇಡಂ ಅವರನ್ನು ಕೇಳಿದೆ. "ಅದು ರಾಣೆಬೆನ್ನೂರು ಗೋಡೌನ್ ರೀ. ಮುಚ್ಚಿದ ಮ್ಯಾಲೆ ಅಲ್ಲಿ ಡೀಲರ್‌ಗಳನ್ನ ಹಾವೇರಿಗೆ ಹಾಕೀವಿ. ಹಳೇ ಬಿಲ್ ಮುಟ್ಟಿಲ್ಲ" ಅಂದರು. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಹೊಸ ಕಾಲಂ ಮಾಡದೆ, ಹಳೇ ಮಾರಾಟ ತೆರಿಗೆಯಾದ ವ್ಯಾಟ್‌ನ ಕಾಲಂನಲ್ಲೇ ಸಿಜಿಎಸ್‌ಟಿ (ಜಿಎಸ್‌ಟಿಯಲ್ಲಿ ಕೇಂದ್ರದ ಪಾಲು) ತುಂಬುತ್ತಾ ಬಂದಿದ್ದರು. ಅದನ್ನೂ ಅವರೇ ಹೇಳಿದ್ದು. ಇಂಥವರನ್ನು ಮೊದಲ ಮೀಟಿಂಗ್‌ನಿಂದಲೇ ಜೊತೆಗೆ ಕೂರಿಸಿಕೊಳ್ಳಬೇಕು. ಮ್ಯಾನೇಜರ್ ಕೊಡುವ ಪಟ್ಟಿಯಲ್ಲಿ ಈ ವಿಷಯ ಯಾವುದೂ ಬರಲ್ಲ.

ಆಮೇಲೆ ಹಳೇ ರಿಪೋರ್ಟು, ಹೊಸ ರಿಪೋರ್ಟು ಎರಡನ್ನೂ ಅಕ್ಕಪಕ್ಕ ಇಟ್ಟು ನಡೆಸಿದೆವು. ಎಲ್ಲಿ ವ್ಯತ್ಯಾಸ ಬಂತೋ ಅದಕ್ಕೊಂದು ಸಾಲು, ಪಕ್ಕದಲ್ಲಿ ಕಾರಣ. ಕಾರಣ ಸಿಗದೆ ಯಾವ ಸಾಲನ್ನೂ ಮುಚ್ಚಲಿಲ್ಲ. ಕಮಿಷನ್ ರಿಪೋರ್ಟಿನಲ್ಲಿ ಮಾತ್ರ ಹೊಸ ಮೊತ್ತ ಯಾವಾಗಲೂ ಚೂರು ಜಾಸ್ತಿ ಬರುತ್ತಿತ್ತು. "ಕೆಲವೇ ರೂಪಾಯಿ ಅಲ್ವಾ, ಬಿಡಿ" ಅಂತ ಎರಡೂ ಕಡೆಯಿಂದ ಮಾತು ಬಂತು. ಬಿಡಲಿಲ್ಲ. ಒಬ್ಬೊಬ್ಬ ಡೀಲರ್‌ನ ಲೆಕ್ಕ ಬಿಡಿಸಿ ನೋಡಿದಾಗ ಸಿಕ್ಕಿತು. ಪೈಸೆ ಬಿಟ್ಟು ಪೂರ್ತಿ ರೂಪಾಯಿ ಮಾಡುವ ಆಕ್ಸೆಸ್‌ನ ರೌಂಡ್ ಫಂಕ್ಷನ್ ಸರಿಯಾಗಿ 50 ಪೈಸೆ ಬಂದಾಗ ಹತ್ತಿರದ ಸಮ ಸಂಖ್ಯೆಗೆ ಹೋಗುತ್ತದೆ: 412.50 ಇದ್ದರೆ 412, 413.50 ಇದ್ದರೆ 414. ಪೋಸ್ಟ್‌ಗ್ರೆಸ್‌ನಲ್ಲಿ ಹಣದ ಮೊತ್ತ ಇಡಲು ಬಳಸಿದ ನ್ಯೂಮರಿಕ್ ಟೈಪಿನಲ್ಲಿ 412.50 ಆಗೋದು 413. ಎರಡೂ ತಪ್ಪಲ್ಲ, ಪದ್ಧತಿ ಬೇರೆ. ಆದರೆ ಡೀಲರ್‌ಗಳಿಗೆ ಹಣ ಹೋಗಿದ್ದು 412ರ ಲೆಕ್ಕದಲ್ಲಿ. ಅದಕ್ಕೇ ಹಳೇ ವರ್ಷಗಳಿಗೆ ಹಳೇ ಪದ್ಧತಿಯನ್ನೇ ಬರೆದೆವು. ಹೊಸ ಆರ್ಥಿಕ ವರ್ಷದಿಂದ ಯಾವುದು ಅಂತ ಮಾಲಕರೇ ತೀರ್ಮಾನಿಸಿದರು. ಅದನ್ನು ಪ್ರೋಗ್ರಾಮರ್ ತೀರ್ಮಾನಿಸುವ ಹಾಗಿಲ್ಲ.

ಡೀಲರ್ ಹೆಸರುಗಳದ್ದು ಬೇರೆಯೇ ಕಥೆ. ಅವು ಕನ್ನಡದ ಹಳೇ ನುಡಿ ಫಾಂಟಿನಲ್ಲಿದ್ದವು, ಎಲ್ಲ ಕಂಪ್ಯೂಟರ್‌ಗಳೂ ಒಂದೇ ರೀತಿ ಓದುವ ಯೂನಿಕೋಡ್‌ನಲ್ಲಿ ಅಲ್ಲ. ಫಾಂಟು ತೆಗೆದರೆ ಕಾಣೋದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಪರಿವರ್ತನೆ ಮಾಡುವಾಗ ಅರ್ಕಾವತ್ತು ಇರುವ ಹೆಸರುಗಳ ಮೇಲೆ ಕಣ್ಣಿಡಬೇಕು. ನುಡಿಯಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂರುತ್ತದೆ, ಯೂನಿಕೋಡ್‌ನಲ್ಲಿ 'ರ್' ಮೊದಲು ಬರಬೇಕು. ಹಾಗಾಗಿ ಧರ್ಮಣ್ಣ, ಶಿವಮೂರ್ತಿ ಥರದ ಹೆಸರುಗಳನ್ನೆಲ್ಲ ಬೇರೆ ಪಟ್ಟಿ ಮಾಡಿ, ಒಂದೊಂದಾಗಿ ಓದಿ ನೋಡಿದೆವು. ಈಗ ಪಟ್ಟಿ ಕನ್ನಡ ಅಕ್ಷರಮಾಲೆಯ ಕ್ರಮದಲ್ಲೇ ಬರುತ್ತದೆ, ಹೆಸರು ಟೈಪ್ ಮಾಡಿದರೆ ಡೀಲರ್ ಸಿಗುತ್ತಾರೆ. ಶಾಖೆಯವರಿಗೆ ಎಲ್ಲಕ್ಕಿಂತ ಖುಷಿ ಕೊಟ್ಟಿದ್ದು ಇದೇ.

ಹಳೇ ಫೈಲನ್ನು ಅಳಿಸಿಲ್ಲ. ಜಿಎಸ್‌ಟಿ ಕಾಯ್ದೆ ಪ್ರಕಾರ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನಾಂಕದಿಂದ 72 ತಿಂಗಳು ಇಟ್ಟುಕೊಳ್ಳಬೇಕು. ಯಾರೂ ತಿದ್ದಲಾಗದಂತೆ ಓದಲು ಮಾತ್ರ ತೆರೆದಿಟ್ಟು, ಇನ್ನೊಂದು ಪ್ರತಿಯನ್ನು ಆಡಿಟರ್ ಆಫೀಸಿಗೆ ಕೊಟ್ಟಿದ್ದೇವೆ. ವ್ಯತ್ಯಾಸಗಳ ಆ ಪಟ್ಟಿಯನ್ನೂ ಕಾರಣಗಳ ಸಮೇತ ಅದರ ಜೊತೆಗೇ ಇಟ್ಟಿದ್ದೇವೆ.